ಚಂದ್ರನ ಅಂಗಳದಲ್ಲಿ ಸಾಲುಕುಳಿಗಳು: ಈ ಚುಕ್ಕಿ ಇಟ್ಟವರು ಯಾರು?

ಮುಂಜಾನೆ ಅಂಗಳ ಸಾರಿಸಿ ಅಜ್ಜಿ ರಂಗೋಲಿ ಇಡುವುದನ್ನು ನೋಡಿದ್ದೀರಲ್ಲ ಮಕ್ಕಳೇ? ಮೊದಲು ಚುಕ್ಕಿಗಳ ಸಾಲು. ಒಂದರಿಂದ ಒಂದಕ್ಕೆ ಸಮ ಅಂತರ, ಎಲ್ಲ ಚುಕ್ಕಿಗೂ ಹೆಚ್ಚು ಕಡಿಮೆ ಒಂದೇ ಗಾತ್ರ. ಅಜ್ಜಿ ಒಳಗೆ ಹೋದ ಮೇಲೆ ಬಂದವರೂ ಅದನ್ನು ನೋಡಿದ ಕೂಡಲೇ ‘ಯಾರೋ ಕೈಯಾರೆ ಇಟ್ಟದ್ದು’ ಎಂದು ಹೇಳಿಬಿಡುತ್ತಾರೆ. ಅದೇ ಅಂಗಳದ ಧೂಳಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದರೆ ಹೇಗಿರುತ್ತದೆ? ಅಲ್ಲೊಂದು, ಇಲ್ಲೊಂದು, ಚೆಲ್ಲಾಪಿಲ್ಲಿ. ಮಳೆಹನಿಗಳು ಸಾಲು ಹಿಡಿದು ಬೀಳುವುದಿಲ್ಲ.

ಚಂದ್ರನ ಮೈಮೇಲಿನ ಲಕ್ಷಾಂತರ ಕುಳಿಗಳು ಈ ಮಳೆಹನಿಯ ಗುರುತುಗಳ ಹಾಗೆ. ಆಕಾಶದಿಂದ ಬಂದ ಕಲ್ಲುಗಳು ಅವವಕ್ಕೆ ತೋಚಿದಲ್ಲಿ ಬಡಿದು ಮಾಡಿದ ಗುಂಡಿಗಳು. ಆದರೆ ಕೆಲವು ಕಡೆ ಮಾತ್ರ ಕುಳಿಗಳು ಅಜ್ಜಿಯ ಚುಕ್ಕಿಗಳಂತೆ ನೆಟ್ಟಗೆ ಒಂದೇ ಗೆರೆಯಲ್ಲಿ ನಿಂತಿವೆ. ಖಗೋಳ ವಿಜ್ಞಾನಿಗಳು ಇಂಥ ಸಾಲನ್ನು ‘ಕ್ಯಾಟೆನಾ’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಸರಪಳಿ. ಈ ಸರಪಳಿಯನ್ನು ಪೋಣಿಸಿದವರು ಯಾರು? ಉತ್ತರ ಸಿಗಲು ಮನುಷ್ಯ ಚಂದ್ರನವರೆಗೆ ಹೋಗಿಬಂದರೂ ಸಾಲಲಿಲ್ಲ. ಸಾಕ್ಷಿ ಹೇಳಲು ಗುರುಗ್ರಹವೇ ಬರಬೇಕಾಯಿತು. ಆ ಕಥೆ ಕೇಳಿ.

ಅಳಿಸದ ಲೆಕ್ಕದ ಪುಸ್ತಕ

ಮೊದಲು ಒಂದು ಕುಳಿಯ ವಿಚಾರ. ನಮ್ಮ ಪಕ್ಕದ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ್ ಎಂಬ ಊರಿದೆ. ಅಲ್ಲಿರುವ ದುಂಡನೆಯ ಸರೋವರ ನಿಜವಾಗಿ ಆಕಾಶದಿಂದ ಬಿದ್ದ ಕಲ್ಲೊಂದು ತೋಡಿದ ಗುಂಡಿ. ಅಡ್ಡಳತೆ ಸುಮಾರು 1.8 ಕಿ.ಮೀ. ಒಂದು ಅಂಚಿನಲ್ಲಿ ನಿಂತರೆ ಎದುರು ಅಂಚಿನ ಮರಗಳು ಪುಟ್ಟ ಪೊದೆಗಳಂತೆ ಕಾಣುತ್ತವೆ. ಅಂಥ ಕಲ್ಲು ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಬಂದು ಬಡಿಯುವುದರಿಂದ ಅದು ನೆಲವನ್ನು ಕೊರೆಯುವುದಷ್ಟೇ ಅಲ್ಲ, ಸಿಡಿಮದ್ದಿನಂತೆ ಸಿಡಿಯುತ್ತದೆ. ಹಾಗಾಗಿ ಕಲ್ಲು ಓರೆಯಾಗಿ ಬಂದರೂ ಗುಂಡಿ ಸಾಮಾನ್ಯವಾಗಿ ದುಂಡಗೇ ಇರುತ್ತದೆ.

ಭೂಮಿಯ ಮೇಲೆ ಇಂಥ ಖಚಿತವಾದ ಕುಳಿಗಳು ಸುಮಾರು 200 ಮಾತ್ರ. ಕಲ್ಲುಗಳು ಚಂದ್ರನ ಮೇಲೆ ಬಿದ್ದು ಭೂಮಿಯನ್ನು ಬಿಟ್ಟವೆಂದಲ್ಲ. ಭೂಮಿ ದೊಡ್ಡದು, ಹೆಚ್ಚೇ ಬಿದ್ದಿವೆ. ಆದರೆ ಇಲ್ಲಿ ಮಳೆ ಇದೆ, ಗಾಳಿ ಇದೆ, ನದಿ ಇದೆ, ಕಾಡು ಇದೆ, ಮುಕ್ಕಾಲು ಪಾಲಿಗೆ ಹತ್ತಿರ ಸಮುದ್ರವಿದೆ. ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಚಂದ್ರನ ಮೇಲೆ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಅಲ್ಲಿ ಕೋಟಿ ವರ್ಷದ ಹಿಂದಿನ ಗುಂಡಿಯೂ ನಿನ್ನೆ ಮೊನ್ನೆಯದರಂತೆ ನಿಂತಿರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಚಂದ್ರನನ್ನು ಕಂಡಾಗಲೆಲ್ಲ ಅನ್ನಿಸುವುದು ಇದೇ: ಭೂಮಿ ತನ್ನ ಹಳೆಯ ಲೆಕ್ಕವನ್ನೆಲ್ಲ ಅಳಿಸಿಕೊಂಡಿದೆ, ಅದರ ನಕಲು ಪ್ರತಿ ಚಂದ್ರನ ಬಳಿ ಭದ್ರವಾಗಿದೆ.

ಆ ಪುಸ್ತಕದಲ್ಲಿ ಸಣ್ಣ ಮೊತ್ತಗಳೂ ಇವೆ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿಯಿತಲ್ಲ, ಅದರ ಪ್ರಜ್ಞಾನ್ ಗಾಡಿ ನಾಲ್ಕು ದಿನದ ನಂತರ ಓಡಾಡುತ್ತಿದ್ದಾಗ ಮೂರೇ ಮೀಟರ್ ಮುಂದೆ 4 ಮೀಟರ್ ಅಗಲದ ಗುಂಡಿ ಎದುರಾಯಿತು. ಬೆಂಗಳೂರಿನಲ್ಲಿ ಕುಳಿತಿದ್ದವರು ಅದಕ್ಕೆ ಬಂದ ದಾರಿಯಲ್ಲೇ ಹಿಂತಿರುಗುವಂತೆ ಆಜ್ಞೆ ಕಳಿಸಿದರು. ಕೋಣೆಯಷ್ಟಗಲದ ಗುಂಡಿಯಿಂದ ಹಿಡಿದು ಜಿಲ್ಲೆಗಳನ್ನೇ ನುಂಗುವಷ್ಟು ದೊಡ್ಡ ಕುಳಿಗಳವರೆಗೆ ಅಲ್ಲಿ ಎಲ್ಲವೂ ಉಂಟು.

ಎರಡು ಹೆಸರಾಂತ ಸಾಲುಗಳು

ಈಗ ಸಾಲುಗಳಿಗೆ ಬರೋಣ. ಚಂದ್ರನ ಮುಖದ ಹೆಚ್ಚು ಕಡಿಮೆ ನಡುಮಧ್ಯದಲ್ಲಿ, ತುಸು ಕೆಳಗೆ, ‘ಡೇವಿ’ ಎಂಬ ಕುಳಿಯಿದೆ. ಗಣಿ ಕಾರ್ಮಿಕರ ಜೀವ ಉಳಿಸುವ ದೀಪ ಮಾಡಿದ ಇಂಗ್ಲೆಂಡಿನ ಹಂಫ್ರಿ ಡೇವಿಯ ಹೆಸರು ಅದಕ್ಕೆ. ಅದರ ಪಕ್ಕದಲ್ಲಿ ಸುಮಾರು 50 ಕಿ.ಮೀ. ಉದ್ದಕ್ಕೆ 23 ಪುಟ್ಟ ಕುಳಿಗಳು ಸಾಲಾಗಿ ನಿಂತಿವೆ. ಪುಟ್ಟವು ಎಂದೆ, ಆದರೆ ಒಂದೊಂದೂ 1ರಿಂದ 3 ಕಿ.ಮೀ. ಅಗಲ. ಬೆಂಗಳೂರಿನಿಂದ ರಾಮನಗರದವರೆಗೆ ಒಂದರ ಹಿಂದೊಂದು 23 ಲೋಣಾರ್ ಸರೋವರಗಳನ್ನು ಜೋಡಿಸಿಟ್ಟಂತೆ ಊಹಿಸಿಕೊಳ್ಳಿ!

ಅಲ್ಲಿಂದ ಇನ್ನಷ್ಟು ಪೂರ್ವಕ್ಕೆ ‘ಅಬುಲ್ಫೆದಾ’ ಎಂಬ ಕುಳಿ. 13-14ನೆಯ ಶತಮಾನದಲ್ಲಿ ಸಿರಿಯಾದ ಹಮಾ ಪಟ್ಟಣವನ್ನು ಆಳಿದ, ಭೂಗೋಳ ಗ್ರಂಥ ಬರೆದ ಅರಸನ ಹೆಸರು ಅದಕ್ಕೆ. ಆ ಕುಳಿಯ ಅಂಚಿನಿಂದ ಹೊರಟ ಸಾಲು 200 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಎರಡು ಡಜನ್‌ನಷ್ಟು ಕುಳಿಗಳು. ಒಂದೊಂದೂ 5ರಿಂದ 13 ಕಿ.ಮೀ. ಅಗಲ.

ಯಾರ ಮೇಲೆ ಅನುಮಾನ?

ಬ್ಯಾಂಕಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪುಸ್ತಕದಲ್ಲಿ ಒಂದು ಮೊತ್ತ ಕಂಡರೆ ಅದಕ್ಕೆ ಆಧಾರವಾದ ವೋಚರ್ ಇರಲೇಬೇಕು. ಒಂದೇ ಮೊತ್ತ ಮೂರು ಬೇರೆ ಬೇರೆ ಕಾರಣಕ್ಕೆ ಬಂದಿರಬಹುದು. ವೋಚರ್ ನೋಡದೆ ಯಾವುದೆಂದು ಹೇಳಬಾರದು. ಚಂದ್ರನ ಸಾಲುಕುಳಿಗೂ ಹೀಗೆಯೇ ಮೂರು ಕಾರಣಗಳಿರಬಹುದು.

ಮೊದಲನೆಯದು, ಸಿಡಿದ ಚೂರುಗಳು. ದೊಡ್ಡ ಕಲ್ಲೊಂದು ಬಡಿದಾಗ ನೆಲದ ಬಂಡೆಗಳು ಕಾರಂಜಿಯಂತೆ ಹಾರಿ ದೂರ ದೂರ ಬೀಳುತ್ತವೆ. ಕೆಸರಿಗೆ ಕಲ್ಲೆಸೆದರೆ ಗೋಡೆಯ ಮೇಲೆ ಕೆಸರಿನ ಗೆರೆಗಳು ಮೂಡುವುದಿಲ್ಲವೇ, ಹಾಗೆ. ಆ ಚೂರುಗಳು ಬಿದ್ದಲ್ಲೆಲ್ಲ ಮರಿಕುಳಿಗಳ ಸಾಲು. ಚಂದ್ರನ ಮೇಲೆ ಇಂಥ ಸಾಲುಗಳು ಬೇಕಾದಷ್ಟಿವೆ. ಸುಮಾರು 93 ಕಿ.ಮೀ. ಅಗಲದ ‘ಕೋಪರ್ನಿಕಸ್’ ಕುಳಿಯ ಸುತ್ತ ನೋಡಿದರೆ ಸಾಕು. ಇವುಗಳ ಗುರುತು ಹಿಡಿಯುವುದು ಸುಲಭ. ಸಾಲನ್ನು ಹಿಂದಕ್ಕೆ ಎಳೆಯುತ್ತ ಹೋದರೆ ತಾಯಿಕುಳಿ ಸಿಕ್ಕೇ ಸಿಗುತ್ತದೆ. ಜೊತೆಗೆ ಮರಿಕುಳಿಗಳು ದುಂಡಗಿರದೆ ಉದ್ದುದ್ದವಾಗಿ, ಒಂದರ ಮೇಲೊಂದು ಏರಿಕೊಂಡಿರುತ್ತವೆ.

ಎರಡನೆಯದು, ಒಳಗಿನಿಂದ ಕುಸಿದ ನೆಲ. ಚಂದ್ರನ ಒಳಗೆ ಬಿಸಿ ಲಾವಾ ಹರಿಯುತ್ತಿದ್ದ ಕಾಲದಲ್ಲಿ ನೆಲ ಉದ್ದಕ್ಕೆ ಬಿರುಕುಬಿಟ್ಟು, ಆ ಬಿರುಕಿನ ಗುಂಟ ಅಲ್ಲಲ್ಲಿ ಮಣ್ಣು ಕುಸಿದಿದ್ದರೂ ಗುಂಡಿಗಳ ಸಾಲಾಗುತ್ತದೆ. ‘ಹೈಜೀನಸ್’ ಎಂಬ ಕಣಿವೆಯ ಗುಂಟ ಇಂಥ ಸಾಲಿದೆ. ಹೊರಗಿನ ಕಲ್ಲು ಬಡಿದ ಕುಳಿಗೆ ಸುತ್ತ ಏರಿದ ಬದು ಇರುತ್ತದೆ. ಕುಸಿದ ಗುಂಡಿಗೆ ಅಂಥ ಬದು ಇರುವುದಿಲ್ಲ.

ಡೇವಿ, ಅಬುಲ್ಫೆದಾ ಸಾಲುಗಳ ತೊಂದರೆಯೇ ಇದು. ಹಿಂದಕ್ಕೆ ಎಳೆದರೆ ತಾಯಿಕುಳಿ ಸಿಗುವುದಿಲ್ಲ. ಕುಳಿಗಳೋ ದುಂಡಗೆ ಅಚ್ಚುಕಟ್ಟಾಗಿ ನಿಂತಿವೆ. ಹಾಗಾದರೆ ಮೂರನೆಯ ಕಾರಣವೇನು? ಬಹಳ ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹಾಗಾಗಿ ಹಲವರ ಒಲವು ಎರಡನೆಯ ಕಾರಣದ ಕಡೆಗೇ ಇತ್ತು: ಇವು ಜ್ವಾಲಾಮುಖಿಯ ಬಾಯಿಗಳಿರಬೇಕು.

ಅಪೊಲೊ ಕೊಟ್ಟ ಎಚ್ಚರಿಕೆ

ಈ ಅನುಮಾನ ಎಷ್ಟು ಬಲವಾಗಿತ್ತೆಂದರೆ, ಅಪೊಲೊ ಯಾತ್ರಿಕರನ್ನು ಎಲ್ಲಿ ಇಳಿಸಬೇಕೆಂದು ಚರ್ಚೆಯಾಗುತ್ತಿದ್ದಾಗ ಡೇವಿ ಸಾಲು ಕೂಡ ಆಯ್ಕೆಯ ಪಟ್ಟಿಯಲ್ಲಿತ್ತು. ಅದು ಜ್ವಾಲಾಮುಖಿಯ ಬಾಯಿಯೇ ಆಗಿದ್ದರೆ ಚಂದ್ರನ ಆಳದ ಕಲ್ಲು ಅಲ್ಲಿ ಮೇಲೆ ಬಂದು ಬಿದ್ದಿರುತ್ತದೆ, ತೋಡದೆಯೇ ಆಳದ ಸಮಾಚಾರ ಸಿಗುತ್ತದೆ ಎಂಬ ಆಸೆ. ಕೊನೆಗೆ ಡೇವಿಗೆ ಯಾರೂ ಹೋಗಲಿಲ್ಲ.

ಆದರೆ 1972ರ ಏಪ್ರಿಲ್‌ನಲ್ಲಿ ಅಪೊಲೊ-16ರ ಜಾನ್ ಯಂಗ್ ಮತ್ತು ಚಾರ್ಲ್ಸ್ ಡ್ಯೂಕ್ ಇಳಿದದ್ದು ಡೆಸ್ಕಾರ್ಟೆಸ್ ಎಂಬ ಗುಡ್ಡಗಾಡಿನಲ್ಲಿ. ಅಬುಲ್ಫೆದಾ ಅಲ್ಲಿಗೆ ನೆರೆಮನೆ ಎನ್ನಬಹುದು. ಅಲ್ಲಿಯ ಗುಡ್ಡಗಳೂ ಜ್ವಾಲಾಮುಖಿಯಿಂದ ಆದವು ಎಂದೇ ತಜ್ಞರು ನಂಬಿದ್ದರು. ಯಾತ್ರಿಕರು ಹುಡುಕಿದರು, ಎತ್ತಿ ನೋಡಿದರು, ತಂದರು. ಸಿಕ್ಕಿದ್ದೆಲ್ಲ ಬಡಿತಕ್ಕೆ ಪುಡಿಯಾಗಿ ಮತ್ತೆ ಅಂಟಿಕೊಂಡ ಕಲ್ಲುಗಳು. ದೂರದಿಂದ ಕಂಡ ರೂಪವನ್ನೇ ನಂಬಿ ಕಾರಣ ಹೇಳಬಾರದು ಎಂದು ಚಂದ್ರ ಕಲಿಸಿದ ಪಾಠ ಅದು. ಡೇವಿ ಸಾಲಿನ ವೋಚರ್ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಗುರುಗ್ರಹದ ಸಾಕ್ಷಿ

ಇಲ್ಲಿ ಒಬ್ಬ ಅಜ್ಜಿಯ ಪ್ರವೇಶವಾಗುತ್ತದೆ. ಅಮೆರಿಕದ ಕ್ಯಾರೊಲಿನ್ ಶೂಮೇಕರ್. ಮೂವರು ಮಕ್ಕಳನ್ನು ಬೆಳೆಸಿ, ಅವರೆಲ್ಲ ಅವರವರ ದಾರಿ ಹಿಡಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಆಕೆ ಖಗೋಳದ ಕೆಲಸಕ್ಕೆ ಕೈಹಾಕಿದರು. ಪತಿ ಯೂಜೀನ್ ಶೂಮೇಕರ್ ಕುಳಿಗಳನ್ನೇ ಜೀವನದ ಕೆಲಸ ಮಾಡಿಕೊಂಡಿದ್ದ ಭೂವಿಜ್ಞಾನಿ. ದೂರದರ್ಶಕದಲ್ಲಿ ತೆಗೆದ ಫಿಲ್ಮ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಕ್ಯಾರೊಲಿನ್ ಕೆಲಸ. ಹೀಗೆ ಆಕೆ ತಮ್ಮ ಜೀವನದಲ್ಲಿ ಕಂಡುಹಿಡಿದ ಧೂಮಕೇತುಗಳು 32! ‘ನಮಗೆ ವಯಸ್ಸಾಯಿತು, ಇನ್ನೇನು ಕಲಿಯುವುದು’ ಎನ್ನುವ ನನ್ನ ಓರಗೆಯವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

1993ರ ಮಾರ್ಚ್‌ನಲ್ಲಿ ಶೂಮೇಕರ್ ದಂಪತಿ ಮತ್ತು ಅವರ ಜೊತೆಗಾರ ಡೇವಿಡ್ ಲೆವಿ ಕ್ಯಾಲಿಫೋರ್ನಿಯಾದ ಪಾಲೊಮರ್ ವೀಕ್ಷಣಾಲಯದಲ್ಲಿ ತೆಗೆದ ಚಿತ್ರಗಳಲ್ಲಿ ಒಂದು ವಿಚಿತ್ರ ಕಂಡಿತು. ಧೂಮಕೇತು ಹೌದು, ಆದರೆ ಯಾರೋ ಜಜ್ಜಿ ಉದ್ದಕ್ಕೆ ಎಳೆದಂತಿದೆ. ದೊಡ್ಡ ದೂರದರ್ಶಕಗಳಲ್ಲಿ ನೋಡಿದಾಗ ಬೆರಗು. ಇಪ್ಪತ್ತಕ್ಕೂ ಹೆಚ್ಚು ತುಂಡುಗಳು ಮುತ್ತಿನ ಸರದಂತೆ ಒಂದೇ ಗೆರೆಯಲ್ಲಿ ಸಾಗುತ್ತಿದ್ದವು. ಅದೇ ಶೂಮೇಕರ್-ಲೆವಿ 9.

ಲೆಕ್ಕ ಹಾಕಿದಾಗ ಗುಟ್ಟು ಹೊರಬಿತ್ತು. 1992ರ ಜುಲೈಯಲ್ಲಿ ಈ ಧೂಮಕೇತು ಗುರುಗ್ರಹದ ತೀರಾ ಹತ್ತಿರ ಹಾದುಹೋಗಿತ್ತು. ಗುರು ನಮ್ಮ ಭೂಮಿಗಿಂತ 318 ಪಟ್ಟು ಭಾರ. ಧೂಮಕೇತುವಿನ ಹತ್ತಿರದ ಮಗ್ಗುಲನ್ನು ಅದು ಜೋರಾಗಿ ಎಳೆಯುತ್ತದೆ, ದೂರದ ಮಗ್ಗುಲನ್ನು ಸ್ವಲ್ಪ ಕಡಿಮೆ ಎಳೆಯುತ್ತದೆ. ಮಲ್ಪೆ, ಕಾರವಾರದ ಕಡಲಿನಲ್ಲಿ ಉಬ್ಬರವಿಳಿತ ಆಗುವುದು ಚಂದ್ರನ ಇಂಥದೇ ಹೆಚ್ಚು-ಕಡಿಮೆ ಎಳೆತದಿಂದ. ಬಲವಾದ ಗ್ರಹದ ಬಳಿ ಇಂತಿಷ್ಟು ದೂರಕ್ಕಿಂತ ಹತ್ತಿರ ಹೋದರೆ ಸಡಿಲವಾದ ಕಾಯ ಹರಿದುಹೋಗುತ್ತದೆ ಎಂದು ಫ್ರಾನ್ಸಿನ ಎಡ್ವರ್ಡ್ ರೋಶ್ 1848ರಲ್ಲೇ ಲೆಕ್ಕ ಕೊಟ್ಟಿದ್ದ. ಅದು ಇಲ್ಲಿ ಕಣ್ಣೆದುರು ನಡೆದಿತ್ತು.

1994ರ ಜುಲೈ 16ರಿಂದ 22ರವರೆಗೆ ಆ ತುಂಡುಗಳು ಒಂದರ ಹಿಂದೆ ಒಂದು ಗುರುಗ್ರಹಕ್ಕೇ ಬಡಿದವು. ಕೆಲವು ಬಡಿತಗಳ ಕಪ್ಪು ಕಲೆ ನಮ್ಮ ಭೂಮಿಯಷ್ಟು ಅಗಲವಿತ್ತು. ಲೋಕದ ದೂರದರ್ಶಕಗಳೆಲ್ಲ ಅತ್ತ ತಿರುಗಿದ್ದವು.

ಈಗ ಹಳೆಯ ಚಿತ್ರಗಳಿಗೂ ಜೀವ ಬಂತು. 1979ರಲ್ಲಿ ಗುರುವಿನ ಬಳಿ ಹಾದುಹೋದ ವಾಯೇಜರ್ ನೌಕೆಗಳು ಅದರ ಚಂದ್ರರಾದ ಕ್ಯಾಲಿಸ್ಟೊ ಮತ್ತು ಗ್ಯಾನಿಮೀಡ್‌ಗಳ ಮೇಲೆ ನೆಟ್ಟನೆಯ ಕುಳಿಸಾಲುಗಳನ್ನು ಕಂಡಿದ್ದವು. ಕ್ಯಾಲಿಸ್ಟೊ ಮೇಲಿನ ಒಂದು ಸಾಲು 600 ಕಿ.ಮೀ.ಗೂ ಉದ್ದ. ಅವಕ್ಕೂ ತಾಯಿಕುಳಿ ಸಿಕ್ಕಿರಲಿಲ್ಲ. ಗುರುವಿನ ಬಳಿ ಒಡೆದ ಧೂಮಕೇತುವಿನ ಸರ, ಹೊರಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಕ್ಯಾಲಿಸ್ಟೊಗೆ ಬಡಿದರೆ? ಕುಳಿಗಳ ಸರಪಳಿ! ಜೇ ಮೆಲೋಶ್ ಮತ್ತು ಪಾಲ್ ಶೆಂಕ್ ಎಂಬ ವಿಜ್ಞಾನಿಗಳು 1993ರಲ್ಲಿ ಇದನ್ನು ವಿವರಿಸಿದರು. ಮೂರನೆಯ ಕಾರಣ ಸಿಕ್ಕಿತ್ತು.

ಒಡೆದದ್ದು ಭೂಮಿ, ಪೆಟ್ಟು ತಿಂದದ್ದು ಚಂದ್ರ

ಮರುವರ್ಷ, 1994ರಲ್ಲಿ, ಅದೇ ಮೆಲೋಶ್ ನಮ್ಮ ಚಂದ್ರನ ನಕ್ಷೆಗಳಲ್ಲಿ ಪಳಗಿದ ಯುವೆನ್ ವಿಟೇಕರ್ ಜೊತೆ ಸೇರಿ ಡೇವಿ ಮತ್ತು ಅಬುಲ್ಫೆದಾ ಸಾಲುಗಳ ಕಡೆಗೆ ಬೆರಳು ತೋರಿದರು. ಗುರುಗ್ರಹ ಧೂಮಕೇತುವನ್ನು ಒಡೆದರೆ ಅದರ ಚಂದ್ರರಿಗೆ ಪೆಟ್ಟು. ಹಾಗೆಯೇ ಭೂಮಿ ತನ್ನ ಬಳಿ ಬಂದ ಸಡಿಲ ಕಾಯವನ್ನು ಒಡೆದರೆ ನಮ್ಮ ಚಂದ್ರನಿಗೆ ಪೆಟ್ಟು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಚಂದ್ರ ಯಾವಾಗಲೂ ತನ್ನ ಒಂದೇ ಮುಖವನ್ನು ಭೂಮಿಗೆ ತೋರಿಸುತ್ತಾನೆ. ಭೂಮಿಯ ಬಳಿ ಒಡೆದು ಇಲ್ಲಿಂದ ಹೊರಟ ತುಂಡುಗಳು ಚಂದ್ರನ ಯಾವ ಮುಖಕ್ಕೆ ಬಡಿಯಬೇಕು? ನಮಗೆ ಕಾಣುವ ಮುಖಕ್ಕೆ ತಾನೇ? ಡೇವಿ, ಅಬುಲ್ಫೆದಾ ಎರಡೂ ಇರುವುದು ಈ ಮುಖದಲ್ಲೇ! ಲೆಕ್ಕ ತಾಳೆಯಾಯಿತು.

ಇನ್ನೊಂದು ಒರಟು ಲೆಕ್ಕವನ್ನು ನಾವೇ ಮಾಡಿ ನೋಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿ.ಮೀ. ತುಂಡುಗಳ ವೇಗ ಸೆಕೆಂಡಿಗೆ 15 ಕಿ.ಮೀ. ಎಂದು ಹಿಡಿಯೋಣ. ಭಾಗಿಸಿದರೆ 25,600 ಸೆಕೆಂಡು ಚಿಲ್ಲರೆ, ಅಂದರೆ ಸುಮಾರು 7 ಗಂಟೆ. ಆ 7 ಗಂಟೆಯಲ್ಲಿ ತುಂಡುಗಳ ಸಾಲು 50 ಕಿ.ಮೀ. ಹರಡಬೇಕಾದರೆ ಮೊದಲ ತುಂಡಿಗೂ ಕೊನೆಯ ತುಂಡಿಗೂ ಗಂಟೆಗೆ 7 ಕಿ.ಮೀ.ನಷ್ಟು ವ್ಯತ್ಯಾಸವಿದ್ದರೆ ಸಾಕು. ಅದು ಬೆಳಗಿನ ವಾಕಿಂಗ್‌ನಲ್ಲಿ ಬಿರುಸಾಗಿ ಹೆಜ್ಜೆ ಹಾಕುವವರ ವೇಗ. ಸಿಡಿಮದ್ದಿನಂಥ ಸ್ಫೋಟವೇನೂ ಬೇಡ, ಮೆಲ್ಲಗೆ ಬಿಡಿಸಿಕೊಂಡರೂ ಆದೀತು.

ಡೇವಿಯ ಕಲ್ಲನ್ನು ಯಾರೂ ತಂದು ಪರೀಕ್ಷಿಸಿಲ್ಲ. ಹಾಗಾಗಿ ಕೊನೆಯ ಸಹಿ ಇನ್ನೂ ಬಿದ್ದಿಲ್ಲ ಎನ್ನಬೇಕು. ಆದರೆ ಸಾಕ್ಷಿಗಳೆಲ್ಲ ಒಂದೇ ಕಡೆ ಮುಖಮಾಡಿವೆ.

ಗಟ್ಟಿ ಕಲ್ಲೋ, ಪುರಿ ಉಂಡೆಯೋ?

‘ಎಂದೋ ಎಲ್ಲೋ ಬಿದ್ದ ಕಲ್ಲು, ನಮಗೇನು?’ ಎಂದು ಕೇಳಬಹುದು. ನಮಗೆ ಸಂಬಂಧವಿದೆ. ಕಾಯ ಸಾಲಾಗಿ ಒಡೆಯಬೇಕಾದರೆ ಅದು ಸಡಿಲವಾಗಿರಬೇಕು. ಜಾತ್ರೆಯಲ್ಲಿ ಸಿಗುವ ಪುರಿ ಉಂಡೆ ನೋಡಿ, ಸ್ವಲ್ಪ ಒತ್ತಿದರೆ ಉದುರುತ್ತದೆ. ಕಡಲೆ ಚಿಕ್ಕಿ ಹಾಗಲ್ಲ. ಆಕಾಶದ ಎಷ್ಟೋ ಕ್ಷುದ್ರಗ್ರಹಗಳು ಪುರಿ ಉಂಡೆಯ ಜಾತಿಯವು, ಕಲ್ಲುಚೂರುಗಳ ಸಡಿಲ ರಾಶಿ. 2020ರ ಅಕ್ಟೋಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ‘ಬೆನ್ನು’ ಎಂಬ ಕ್ಷುದ್ರಗ್ರಹದ ಮಣ್ಣು ತೆಗೆಯಲು ಕೈ ಚಾಚಿದಾಗ, ಗಟ್ಟಿ ನೆಲ ಸಿಗದೆ ಕೈ ಸಲೀಸಾಗಿ ಒಳಗೇ ಇಳಿಯಿತು.

ಮುಂದೆ ಎಂದಾದರೂ ಭೂಮಿಯ ಕಡೆ ನೇರವಾಗಿ ಬರುವ ಕಲ್ಲೊಂದು ಕಂಡರೆ ಅದನ್ನು ದೂಡಿ ದಾರಿ ತಪ್ಪಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ಎಂಬ ನೌಕೆ ‘ಡೈಮಾರ್ಫಸ್’ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಡಿಕ್ಕಿ ಹೊಡೆದು, ಅದು ಒಂದು ಸುತ್ತು ಹಾಕುವ ಸಮಯವನ್ನು ಅರ್ಧ ಗಂಟೆಯಷ್ಟು ಕಡಿಮೆ ಮಾಡಿ ತೋರಿಸಿತು. ಗಟ್ಟಿ ಕಲ್ಲನ್ನು ದೂಡುವುದು ಬೇರೆ, ಪುರಿ ಉಂಡೆಯನ್ನು ದೂಡುವುದು ಬೇರೆ. ಯಾವುದು ಹೇಗೆ ಒಡೆಯುತ್ತದೆ ಎಂಬ ಹಳೆಯ ಲೆಕ್ಕ ಚಂದ್ರನ ಮೇಲೆ ಸಾಲುಸಾಲಾಗಿ ಬರೆದಿದೆ. ಅದನ್ನು ಓದಬಲ್ಲವರು ನಾಳೆ ನಮ್ಮನ್ನು ಕಾಯುವವರು. ಅವರಲ್ಲಿ ಈ ಪುಟ ಓದುತ್ತಿರುವ ಮಗುವೂ ಒಂದಾಗಬಹುದು.

ಯೂಜೀನ್ ಶೂಮೇಕರ್‌ಗೆ ತಾನೇ ಚಂದ್ರನ ಮೇಲೆ ಕಾಲಿಡಬೇಕೆಂಬ ಆಸೆಯಿತ್ತು. ಕಾಯಿಲೆಯಿಂದಾಗಿ ಅದು ಕೈಗೂಡಲಿಲ್ಲ. 1997ರಲ್ಲಿ, ಕುಳಿಗಳನ್ನು ಹುಡುಕಿಕೊಂಡು ಆಸ್ಟ್ರೇಲಿಯಾದಲ್ಲಿ ಓಡಾಡುತ್ತಿದ್ದಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಚಿತಾಭಸ್ಮದ ಒಂದಿಷ್ಟನ್ನು ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಹೊತ್ತೊಯ್ಯಿತು. 1999ರ ಜುಲೈ 31ರಂದು ಆ ನೌಕೆಯನ್ನು ಚಂದ್ರನ ದಕ್ಷಿಣ ಧ್ರುವದ ಬಳಿ ಬೀಳಿಸಿದರು. ಕುಳಿಗಳ ಮೇಷ್ಟ್ರು ಕೊನೆಗೂ ಕುಳಿಗಳ ನಡುವೆ ಸೇರಿದರು.

ಪಂಚಾಂಗ ಹಿಡಿದು ನೋಡಿ

ಕುಳಿಗಳನ್ನು ನೋಡಲು ಹುಣ್ಣಿಮೆ ಒಳ್ಳೆಯ ದಿನವಲ್ಲ. ಬೆಳಕು ನೆತ್ತಿಯಿಂದ ಬಿದ್ದಾಗ ನೆರಳೇ ಇರುವುದಿಲ್ಲ, ಗುಂಡಿ ಗೊತ್ತಾಗುವುದಿಲ್ಲ. ಬೆಳಕು-ಕತ್ತಲೆ ಸೇರುವ ಗೆರೆಯ ಬಳಿ ನೆರಳು ಉದ್ದವಾಗಿರುತ್ತದೆ, ಅಲ್ಲಿ ನೋಡಬೇಕು. ಅಜ್ಜನ ಪಂಚಾಂಗ ತೆಗೆಯಿರಿ. ಶುಕ್ಲಪಕ್ಷದ ಸಪ್ತಮಿ-ಅಷ್ಟಮಿಯ ಸಂಜೆ ಅಬುಲ್ಫೆದಾ ಸಾಲಿಗೆ ಸರಿಯಾದ ಹೊತ್ತು. ನವಮಿ-ದಶಮಿ ಡೇವಿಗೆ. ಬರಿಗಣ್ಣಿಗೆ ಎರಡೂ ಕಾಣವು. ಅಬುಲ್ಫೆದಾಗೆ 4 ಇಂಚಿನ ದೂರದರ್ಶಕ ಸಾಕು. ಡೇವಿಗೆ 6 ಇಂಚಿನದಾದರೂ ಬೇಕು, ಜೊತೆಗೆ ಅಲುಗದ ಗಾಳಿ ಇರಬೇಕು. ತಾರಾಲಯಗಳೂ ಹವ್ಯಾಸಿ ಸಂಘಗಳೂ ಆಕಾಶ ವೀಕ್ಷಣೆ ಇಟ್ಟಾಗ ಹೋಗಿ, ‘ಡೇವಿ ಸಾಲು ತೋರಿಸಿ’ ಎಂದು ಹೆಸರು ಹಿಡಿದು ಕೇಳಿ. ತೋರಿಸುವವರಿಗೂ ಖುಷಿಯಾಗುತ್ತದೆ.

ಮಾಡಿ ನೋಡಿ

ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ನುಣ್ಣನೆಯ ಒಣಮರಳು ಹರಡಿ. ಮೇಲೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿ.

1. ಒಂದು ದೊಡ್ಡ ಗೋಲಿಯನ್ನು ಮೇಲಿನಿಂದ ಬಿಡಿ. ಸುತ್ತ ಚಿಮ್ಮಿದ ಮರಳಿನ ಗೆರೆಗಳು ಗೋಲಿಯ ಗುಂಡಿಯತ್ತಲೇ ತೋರಿಸುತ್ತವೆಯೇ, ಗಮನಿಸಿ.

2. ಕಾಗದವನ್ನು ಉದ್ದಕ್ಕೆ ಮಡಚಿ ಕಾಲುವೆಯಂತೆ ಮಾಡಿ. ಅದರಲ್ಲಿ ಹತ್ತು ಕಡಲೆಕಾಳು ಇಟ್ಟು, ತಟ್ಟೆಯ ಮೇಲೆ ಕೈಯನ್ನು ಸರಿಸುತ್ತ ಒಂದೊಂದೇ ಜಾರಿಬಿಡಿ. ಕಾಳುಗಳನ್ನು ಮೆಲ್ಲಗೆ ತೆಗೆದರೆ ಗುಂಡಿಗಳ ಸಾಲು ಸಿಗುತ್ತದೆ.

3. ತೆಳ್ಳನೆಯ ರಟ್ಟಿನಲ್ಲಿ ಒಂದೇ ಗೆರೆಯಲ್ಲಿ ತೂತುಗಳನ್ನು ಮಾಡಿ. ಅದನ್ನು ಇನ್ನೊಂದು ತಟ್ಟೆಯ ಅಂಚಿನ ಮೇಲೆ ಇಟ್ಟು, ಮೇಲೆ ಮರಳು ಸುರಿಯಿರಿ. ಮರಳು ತೂತುಗಳೊಳಗೆ ಇಳಿದು ಬದು ಇಲ್ಲದ ಗುಂಡಿಗಳು ಮೂಡುತ್ತವೆ.

ಈಗ ಅಜ್ಜನನ್ನೋ ಅಜ್ಜಿಯನ್ನೋ ಕರೆಯಿರಿ. ಯಾವುದನ್ನು ಹೇಗೆ ಮಾಡಿದಿರಿ ಎಂದು ಹೇಳಬೇಡಿ. ಗುರುತು ನೋಡಿಯೇ ಅವರು ಕಂಡುಹಿಡಿಯಲಿ. ಹೇಳಿದ ಉತ್ತರಕ್ಕೆ ಕಾರಣವನ್ನೂ ಕೇಳಿ. ವೋಚರ್ ಇಲ್ಲದ ಉತ್ತರಕ್ಕೆ ಅಂಕವಿಲ್ಲ!